ಪೂಜೆಯ ದಿನದ ಎರಕ

ವಿಶ್ವಕರ್ಮ ಪೂಜೆಯ ದಿನ ಹೌರಾದ ಯಾವ ಎರಕದ ಕಾರ್ಖಾನೆಯಲ್ಲೂ ಬೆಂಕಿ ಹೊತ್ತಿಸುವುದಿಲ್ಲ. ಸುತ್ತಿಗೆ, ಇಕ್ಕಳ, ಸಲಿಕೆ ಎಲ್ಲ ದೇವರ ಮುಂದೆ ಮಲಗಿರುತ್ತವೆ. ಅವನ್ನು ಎತ್ತಿದವನ ಕೈ ಬಿದ್ದುಹೋಗುತ್ತದೆಂದು ನಮ್ಮ ಜನರ ನಂಬಿಕೆ. ಗಂಡಸರು ಖಿಚಡಿ ತಿಂದು ಮಾಳಿಗೆ ಹತ್ತಿ ಗಾಳಿಪಟ ಹಾರಿಸುತ್ತಾರೆ.

ಆ ವರ್ಷ ನಮ್ಮ ಕೇರಿಗೆ ಕಾಲರಾ ಹೊಕ್ಕಿತ್ತು. ನಮ್ಮ ಕಾರ್ಖಾನೆಯ ಯಜಮಾನರಾದ ನಿಬಾರಣ ಕರ್ಮಕಾರರು ಹಾಕಿಸಿಕೊಟ್ಟಿದ್ದ ಕೊಳವೆಬಾವಿಯೇ ನಮಗೆ ದಿಕ್ಕು. ಪೂಜೆಯ ಬೆಳಿಗ್ಗೆಯೇ ಅದರ ಪಂಪಿನ ಕಬ್ಬಿಣದ ತಲೆ ಸೀಳಿಹೋಯಿತು. ಕಾರ್ಖಾನೆಯಲ್ಲಿ ಎರಕ ಹೊಯ್ದು ಸಿದ್ಧವಿದ್ದ ಪಂಪುಗಳೆಲ್ಲ ಮಾರಾಟಕ್ಕೆಂದು ದೋಣಿಯೇರಿ ಹೋಗಿಯಾಗಿತ್ತು. ಇನ್ನು ಉಳಿದದ್ದು ರೋಗಿಗಳ ಬಟ್ಟೆ ಒಗೆದ ಕೊಳದ ನೀರು. ನಾನು ಕಾರ್ಖಾನೆಯಲ್ಲಿ ಮರಳು ಜರಡಿ ಹಿಡಿಯುತ್ತಿದ್ದ ವಿಧವೆ. ಮನೆಯಲ್ಲಿ ಮಗಳು ಪುಂಟಿ ವಾಂತಿ ಮಾಡಿ ಮಾಡಿ, ನೀರು ನೀರು ಎನ್ನುತ್ತಾ ಮಲಗಿದ್ದಳು. ಯಜಮಾನರ ಮುಂದೆ ಹೋಗಿ ಬಾಯಿ ಬಾಯಿ ಬಡಿದುಕೊಂಡೆ.

ಅವರು ರೇಷ್ಮೆಯ ಧೋತಿ ಎತ್ತಿ ಕಟ್ಟಿ, ದೇವರ ಮುಂದಿನ ಸಲಿಕೆಯನ್ನು ಕಣ್ಣಿಗೊತ್ತಿಕೊಂಡು ಎತ್ತಿದರು.

"ಬೇಡ ಕರ್ತಾಬಾಬು! ದೇವ್ರು ಸುಮ್ನಿರಲ್ಲ," ಎಂದ ಹಿರಿಯ ಮೇಸ್ತ್ರಿ ಹಾರಾಧನ.

"ಸಿಟ್ಟು ಬಂದ್ರೆ ನನ್ ಮೇಲೆ ಬರ್ಲಿ ಬಿಡೋ. ನೀನು ಹೋಗಿ ಪಟ ಹಾರ್ಸು."

ಪಂಪಿನ ಹೊಸ ತಲೆಗೆಂದು ಅಚ್ಚಿನ ಮರಳನ್ನು ಅವರೇ ತುಂಬಿದರು, ಕುಲುಮೆಯನ್ನು ಅವರೇ ಹೊತ್ತಿಸಿದರು. ಮಧ್ಯಾಹ್ನದ ಹೊತ್ತಿಗೆ ಕಬ್ಬಿಣ ಕರಗಿತು. ಆದರೆ ಕರಗಿದ ಕಬ್ಬಿಣದ ಪಾತ್ರೆಯನ್ನು ಹೊರಲು ಹಿಂದೊಬ್ಬರು ಮುಂದೊಬ್ಬರು ಬೇಕೇ ಬೇಕು. ಯಜಮಾನರು ಸುತ್ತ ನೋಡಿದರು. ಗಂಡಸರೆಲ್ಲ ನೆಲ ನೋಡಿದರು. ನಾನು ಸೆರಗು ಬಿಗಿದು ಹೋಗಿ ಹಿಂದಿನ ಹಿಡಿಕೆ ಹಿಡಿದೆ.

"ಅಯ್ಯೋ, ಹೆಂಗ್ಸು ಮುಟ್ಟಿದ್ರೆ ಎರಕ ಕೆಡತ್ತೆ!" ಎಂದು ಹಾರಾಧನ ಅರಚಿದ.

"ಮುಟ್ಟೋಕೆ ಗಂಡಸ್ರು ಯಾರಿದೀರಪ್ಪ ಇಲ್ಲಿ?" ಎಂದೆ.

ಯಜಮಾನರು ನಕ್ಕುಬಿಟ್ಟರು. "ಹೆದರ್ಕೊಂಡ್ರೂ ಪರ್ವಾಗಿಲ್ಲ ತಾಯಿ, ಕೈ ಮಾತ್ರ ಬಿಡ್ಬೇಡ."

ಅಂಥ ಬಿಸಿಯನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಆದರೂ ಹಿಡಿಕೆ ಬಿಡಲಿಲ್ಲ. ಅರ್ಧ ದಾರಿಗೆ ಹಾರಾಧನ ಓಡಿಬಂದು ನನ್ನ ಪಕ್ಕದಲ್ಲಿ ಹಿಡಿಕೆಗೆ ಕೈಜೋಡಿಸಿದ. ಬೈಯುತ್ತಲೇ ಕೈಜೋಡಿಸಿದ, ಪುಣ್ಯಾತ್ಮ. ಎರಕ ಕೆಡಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಹೊಸ ತಲೆ ಕೂರಿಸಿದ ಪಂಪು ನೀರೆತ್ತಿತು. ಪುಂಟಿ ಬದುಕಿದಳು. ಯಾರ ಕೈಯೂ ಬಿದ್ದುಹೋಗಲಿಲ್ಲ.

ಯಜಮಾನರು ಆಮೇಲೆ ಶಾಲೆ ಕಟ್ಟಿಸಿದರು, ಹೆರಿಗೆ ಆಸ್ಪತ್ರೆ ಕಟ್ಟಿಸಿದರು. ಜನ ಅವನ್ನು ನೆನೆದು ಕೈಮುಗಿಯುತ್ತಾರೆ, ಮುಗಿಯಲಿ. ನಾನು ಕೈಮುಗಿಯುವುದು ಬೇರೆಯದಕ್ಕೆ. ಅಂದು ಕೆಂಡದಂಥ ಕಬ್ಬಿಣವನ್ನು ಹೊತ್ತು ಮುಂದೆ ನಡೆಯುತ್ತಿದ್ದಾಗ, ನನ್ನ ಹೆಜ್ಜೆ ಚಿಕ್ಕದೆಂದು ತಿಳಿದು, ಅವರು ತಮ್ಮ ಹೆಜ್ಜೆಯನ್ನೂ ಚಿಕ್ಕದು ಮಾಡಿಕೊಂಡಿದ್ದರು.