ಹೆಸರು ಬೇಡವೆಂದವಳು

ಚಿಕ್ಕಮಾದಮ್ಮನ ಹೆಸರು ಅಚ್ಚಾಗುವ ಸುದ್ದಿ ಮಲ್ಲಿಗಮ್ಮನ ಕಿವಿಗೆ ಬಿದ್ದದ್ದು ಡೈರಿಯ ಮುಂದೆ, ಹಾಲು ಹಾಕುವ ಸಾಲಿನಲ್ಲಿ. ಹೇಳಿದವಳು ಚಿಕ್ಕಮಾದಮ್ಮನೇ. ಇಬ್ಬರೂ ಅಣ್ಣತಮ್ಮಂದಿರ ಹೆಂಡಿರು, ಮಲ್ಲಿಗಮ್ಮ ಹಿರಿಯಳು.

“ಮಂಡ್ಯದ ಕಾಲೇಜು ಹುಡ್ಗಿ ಅರ್ಪಿತ ಬಾಣಂತಿ ಆರೈಕೆ ಮ್ಯಾಲೆ ಪ್ರಬಂಧ ಬರೆದವ್ಳಲ್ಲ, ಅದ್ರಲ್ಲಿ ನನ್ನೆಸ್ರು ಬಂದದೆ ಕಣಕ್ಕ. ನನ್ ಸೊಸೆ ಫೋನಿಗೆ ಕಳ್ಸಿದ್ಲು, ಅವ್ಳು ಓದಿ ಏಳುದ್ಲು. ಊರು, ವಯಸ್ಸು ಎಲ್ಲಾ ಆಕವ್ಳೆ.”

‘ನನ್ನದು?’ ಎಂದು ಕೇಳಲು ಮಲ್ಲಿಗಮ್ಮನಿಗೆ ನಾಲಿಗೆ ಏಳಲಿಲ್ಲ. ಕೇಳುವ ಕಷ್ಟವನ್ನು ಚಿಕ್ಕಮಾದಮ್ಮ ಕೊಡಲೂ ಇಲ್ಲ.

“ನಿಂದೆಲ್ಲೂ ಕಾಣೆ. ಹೆಸರು ತಿಳಿಸಲು ಒಪ್ಪದ ಹಿರಿಯ ಮಹಿಳೆ ಅಂತ ಯಾರೋ ಒಬ್ಳು ಅವ್ಳೆ. ಪುಟಪುಟಕ್ಕೂ ಅವ್ಳೇಯ.”

ಆ ಒಬ್ಬಳು ತಾನೇ ಎಂದು ಮಲ್ಲಿಗಮ್ಮನಿಗೆ ಗೊತ್ತಿತ್ತು. ಅರ್ಪಿತ ಬಂದಿದ್ದ ದಿನ ಬೆಳಗಿನಿಂದ ದೀಪ ಹಚ್ಚುವ ಹೊತ್ತಿನವರೆಗೆ ಎಲ್ಲ ಹೇಳಿದವಳು ಮಲ್ಲಿಗಮ್ಮ. ಮುದ್ದೆ, ಬಸ್ಸಾರು ಬಡಿಸಿದವಳೂ ಅವಳು. ಚಿಕ್ಕಮಾದಮ್ಮ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದು, ಹೊಸಿಲಲ್ಲೇ ನಿಂತು, ‘ಬಾಣಂತಿ ಕಿವಿಗೆ ಹತ್ತಿ ಇಡ್ಬೇಕು’ ಎಂದು ಒಂದು ಮಾತು ಉದುರಿಸಿ ಹೋಗಿದ್ದಳು. ಊರ ಹಸುಗೂಸಿಗೂ ತಿಳಿದ ಮಾತು.

ಹೊರಡುವಾಗ ಹುಡುಗಿ ಕೇಳಿದ್ದೇನೋ ನಿಜ: “ನಿಮ್ಮ ಹೆಸರು ಹಾಕಬಹುದಾ ಅಜ್ಜಿ?” ಮಲ್ಲಿಗಮ್ಮ, “ಅಯ್ಯೋ ಬುಡು ಮಗ, ನನ್ನೆಸ್ರು ಯಾಕೆ” ಎಂದಿದ್ದಳು. ಮೊದಲ ಸಲಕ್ಕೇ ಹೂಂ ಅನ್ನುವುದುಂಟೆ? ಉಣ್ಣಲು ಕರೆದರೂ ಒಮ್ಮೆ ಬೇಡವೆನ್ನಬೇಕು, ಕರೆದವರು ಕೈಹಿಡಿದು ಕೂರಿಸಬೇಕು. ಹುಡುಗಿ ಕೈಹಿಡಿಯಲಿಲ್ಲ. ಬೇಡವಂತೆ ಎಂದು ಬರೆದುಕೊಂಡು ಮದ್ದೂರಿನ ಬಸ್ಸು ಹತ್ತಿದಳು. ಹೊಸಿಲಲ್ಲಿ ನಿಂತವಳು ಮಾತ್ರ, ಹೋಗುವ ಮೊದಲೇ, ಕೇಳಿದ ತಕ್ಷಣ, “ಊಂ, ಆಕವ್ವ” ಅಂದಿದ್ದಳು. ನಾಚಿಕೆಗೆಟ್ಟವಳು.

ಇಷ್ಟೇ ಆಗಿದ್ದರೆ ನುಂಗಿಕೊಳ್ಳಬಹುದಿತ್ತು. ಶಿವಣ್ಣನ ಮಗಳು ಹೆತ್ತು ತವರಿಗೆ ಬಂದಾಗ ಪಥ್ಯ ಹೇಳಲು ಕರೆ ಹೋದದ್ದು ಚಿಕ್ಕಮಾದಮ್ಮನ ಮನೆಗೆ. ಊರಿನ ಬಾಣಂತಿಯರಿಗೆಲ್ಲ ಎಣ್ಣೆನೀರು ಹಾಕಿದ ಮಲ್ಲಿಗಮ್ಮ ಜಗಲಿಯ ಮೇಲೆ ಕೂತು ಅವಳು ಸೆರಗು ಸರಿಮಾಡಿಕೊಂಡು ಹೋಗುವುದನ್ನು ನೋಡಿದಳು.

ಅರ್ಪಿತ ಮತ್ತೆ ಬಂದಳು. ಅಚ್ಚಿಗೆ ಕೊಡುವ ಮೊದಲು ಹೇಳಿದವರಿಗೆ ತೋರಿಸಿ, ಅವರ ಮಾತು ಅವರದೇ ಹೌದೋ ಎಂದು ಕೇಳಿಕೊಂಡು ಬರಬೇಕೆಂದು ಅವಳ ಮೇಷ್ಟ್ರು ಕಳಿಸಿದ್ದರು. ಕರೆಯದೆಯೇ ಚಿಕ್ಕಮಾದಮ್ಮನೂ ಬಂದು ಕೂತಳು.

“ಅಜ್ಜಿ, ಇದು ಕಡೇ ಸಲ. ನಿಮ್ಮ ಹೆಸರು ಬೇಡ ತಾನೆ?”

ಬ್ಯಾಡ ಬುಡು ಎಂಬ ಮಾತು ಮಲ್ಲಿಗಮ್ಮನ ಹಲ್ಲಿನವರೆಗೆ ಬಂದಿತ್ತು.

“ಬಲವಂತ ಮಾಡ್ಬ್ಯಾಡ ಕಣವ್ವ,” ಎಂದಳು ಚಿಕ್ಕಮಾದಮ್ಮ, ಬಲು ಮೆತ್ತಗೆ. “ನಮ್ಮಕ್ಕಂಗೆ ಇಂಥದ್ದೆಲ್ಲ ಆಸೆ ಇಲ್ಲ.”

“ಆಸೆ ಅದೆ,” ಎಂದಳು ಮಲ್ಲಿಗಮ್ಮ. “ಆಕು ಮಗ. ನಾನೇಳಿದ್ದು ಎಲ್ಲೆಲ್ಲದೆ, ಅಲ್ಲೆಲ್ಲ ಆಕು.”

ಹುಡುಗಿ ಲ್ಯಾಪ್‌ಟಾಪ್ ತೆರೆದು ತಿದ್ದಿದಳು.

“ಎಲ್ಲಿ, ಗಟ್ಟಿಯಾಗಿ ಓದು.”

“ಮೆಣಸು, ಬೆಳ್ಳುಳ್ಳಿ ಸಾರು: ಮಾಹಿತಿ, ಮಲ್ಲಿಗಮ್ಮ. ಸಾಂಬ್ರಾಣಿ ಹೊಗೆ: ಮಲ್ಲಿಗಮ್ಮ. ಹೊಟ್ಟೆಗೆ ಬಟ್ಟೆ ಕಟ್ಟುವುದು: ಮಲ್ಲಿಗಮ್ಮ.”

ಚಿಕ್ಕಮಾದಮ್ಮ ಎದ್ದಳು. “ಎಮ್ಮೆಗೆ ನೀರು ತೋರಿಸ್ಬೇಕು, ಬತ್ತೀನಿ.”

“ಕೂತ್ಕಳಮ್ಮಿ. ಎಮ್ಮೆ ಎಲ್ಲೂ ಓಗಲ್ಲ. ಇನ್ನೂ ಅದೆ.”

ಕೂತಳು. ಹುಡುಗಿ ಓದುತ್ತಾ ಹೋದಳು. ಮಲ್ಲಿಗಮ್ಮ ಪ್ರತಿ ಹೆಸರಿಗೂ ವಾರಗಿತ್ತಿಯ ಮುಖ ನೋಡುತ್ತಾ ಹೋದಳು. ಕೊನೆಯ ಪುಟಕ್ಕೆ ಬಂದದ್ದು ಹೇಳಿದವರ ಪಟ್ಟಿ.

“ಚಿಕ್ಕಮಾದಮ್ಮ. ಮಲ್ಲಿಗಮ್ಮ…”

“ಇದ್ಯಾವ ನ್ಯಾಯ? ಒಂದ್ ಮಾತಾಡ್ದೋಳು ಮ್ಯಾಲೆ ಕೂತವ್ಳೆ.”

“ಅದು ಅಕ್ಷರದ ಕ್ರಮ ಅಜ್ಜಿ. ಚ ಆದ್ಮೇಲೇ ಮ ಬರೋದು. ನನ್ನ ಕೈಲಿಲ್ಲ.”

ಚಿಕ್ಕಮಾದಮ್ಮ ಎಮ್ಮೆಯನ್ನು ಮರೆತು ಗೋಡೆಗೆ ಒರಗಿದಳು. ಮಲ್ಲಿಗಮ್ಮ ತುಟಿಯೊಳಗೇ ಕ ಖ ಗ ಎಂದು ಹೇಳಿಕೊಂಡು ನೋಡಿದಳು. ಎಷ್ಟು ಬೇಗ ಹೇಳಿದರೂ ಚ ಮೊದಲು ಬರುತ್ತಿತ್ತು.

“ಆಯ್ತು ಬುಡು,” ಎಂದಳು. “ಇನ್ನೊಂದ್ಸಲ ಮೊದ್ಲಿಂದ ಓದು ಮಗ. ಆ ಕೊನೇ ಪುಟ ಮಾತ್ರ ಬ್ಯಾಡ.”