ಹನ್ನೆರಡು ದಿನದ ದಾರಿ

“ತಿರ್ಗ್ಸುಕೆ ಜಾಗ ಇತ್ತಾ?” ಎಂದು ಸುಗುಣ ಫೋನಿನಲ್ಲಿ ಕೇಳಿದಳು. ಬೆಳಿಗ್ಗೆಯಿಂದ ಅದು ಆರನೆಯ ಫೋನು. ಆ ಕಡೆ ಮುರ್ಡೇಶ್ವರದ ಲಾಡ್ಜಿನವನು ಕಡಲು ಕಾಣುವ ರೂಮಿದೆ, ಕಾಣದ ರೂಮಿದೆ, ಬಿಸಿನೀರು ಏಳರಿಂದ ಒಂಬತ್ತು ಎಂದು ಒಂದೇ ಸಮನೆ ಹೇಳುತ್ತಿದ್ದ. ಇವಳಿಗೆ ಅದೊಂದೂ ಬೇಡ.

“ರೂಮ್ ಬ್ಯಾಡ ಮರಾಯ್ರೆ. ನಮ್ಮ ಮನಿ ನಮ್ಮ ಹಿಂದೇ ಬತ್ತ್. ಪಿಕಪ್ಪಿಗೆ ಕಟ್ಟಿದ್ ಡಬ್ಬಿ. ಎರಡೂ ಸೇರಿ ಮೂವತ್ತ್ ಅಡಿ. ನಿಮ್ಮ ಅಂಗಳದಂಗೆ ತಿರ್ಗ್ಸುಕ್ ಆತ್ತಾ ಇಲ್ಯಾ, ಅದೊಂದ್ ಹೇಳಿ ಸಾಕ್.”

ಆಗುತ್ತದೆ ಎಂದ ಅವನು. ಎದುರಿಗೆ ಕೂತಿದ್ದ ಮಗಳು ಮೋಕ್ಷಿತಾ ನೋಟ್‌ಬುಕ್ಕಿನಲ್ಲಿ ಮುರ್ಡೇಶ್ವರದ ಮುಂದೆ ‘ಜಾಗ ಇದೆ’ ಎಂದು ದುಂಡಗೆ ಬರೆದಳು. ಅವಳು ಕುಂದಾಪುರದ ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುವವಳು, ಅಕ್ಷರ ಚಂದ.

ಡಬ್ಬಿ ಎಂದರೆ ಸುಗುಣಳ ಹಳೆಯ ಮೀನಿನ ಗಾಡಿಯ ಡಬ್ಬಿ. ಐಸು ಕರಗದ ಹಾಗೆ ಒಳಗೆ ದಪ್ಪ ಥರ್ಮಾಕೋಲು ಕೂರಿಸಿದ್ದು. ಗಾಡಿ ಗುಜರಿಗೆ ಹೋದಾಗ ಡಬ್ಬಿಯನ್ನು ಮಾತ್ರ ಅವಳು ಬಿಟ್ಟುಕೊಡಲಿಲ್ಲ. ತ್ರಾಸಿಯ ವೆಲ್ಡರ್ ದುಗ್ಗಪ್ಪನ ಬೆನ್ನು ಬಿದ್ದು ಅದಕ್ಕೆ ಚಕ್ರ ಹಾಕಿಸಿದಳು, ಕಿಟಕಿ ಕೊರೆಸಿದಳು, ಒಳಗೆ ಎರಡು ಮಂಚ, ಒಂದು ಸಣ್ಣ ಒಲೆ. ವಾಸನೆ ಹೋಗಲೆಂದು ಹುಣಸೆಹುಳಿ ಹಚ್ಚಿ ಏಳು ಸಲ ತೊಳೆದಳು. ಹೋಯಿತೇ? ಇಲ್ಲ. ಹೋಗದಿದ್ದರೆ ಅಲ್ಲೇ ಇರಲಿ, ಬಂಗುಡೆಯ ವಾಸನೆಗೆ ಹೇಸುವವರು ನಮ್ಮಲ್ಲಿ ಯಾರಿದ್ದಾರೆ ಎಂದು ನೀಲಿ ಪರದೆ ಹೊಲಿದು ತೂಗುಹಾಕಿದಳು. ಪಾಸಿಂಗಿಗೆ ಆರ್‌ಟಿಓ ಆಫೀಸು ಅಲೆದದ್ದೂ ಅವಳೇ, ಕೊಯ್ಲಾದ ಗದ್ದೆಯಲ್ಲಿ ಹಿಮ್ಮುಖ ಓಡಿಸಿ ಕಲಿತದ್ದೂ ಅವಳೇ. ಹಿಂದಿನ ಡಬ್ಬಿ ಎಡಕ್ಕೆ ಹೋಗಬೇಕಾದರೆ ಸ್ಟೇರಿಂಗು ಬಲಕ್ಕೆ ತಿರುಗಿಸಬೇಕು. ಇಷ್ಟು ತಲೆಗೆ ಹತ್ತಲು ಅವಳಿಗೆ ಹದಿನೈದು ದಿನ ಹಿಡಿಯಿತು. ಗದ್ದೆಯ ಎರಡು ಅಂಚು ಹೋಯಿತು.

ಇಷ್ಟೆಲ್ಲ ಯಾಕೆಂದರೆ, ಹದಿನೆಂಟು ವರ್ಷ ಮೀನು ಮಾರಿದ ಸುಗುಣ ಕಂಡ ರಸ್ತೆ ಬೈಂದೂರಿನಿಂದ ಬ್ರಹ್ಮಾವರದವರೆಗೆ ಮಾತ್ರ. ಅದರ ಒಂದೊಂದು ಹೊಂಡವೂ ಅವಳ ಸೊಂಟಕ್ಕೆ ಗೊತ್ತು. ಅದರಾಚೆ ರಸ್ತೆ ಇದೆ ಎಂದು ಕೇಳಿ ಬಲ್ಲಳು ಅಷ್ಟೆ. ಅವಳ ಆಸೆಯೂ ದೊಡ್ಡದೇನಲ್ಲ. ಹುಟ್ಟಿದಾಗಿನಿಂದ ಕಡಲ ಸದ್ದು ಕೇಳಿಯೇ ಎದ್ದವಳಿಗೆ, ಕಡಲೇ ಇಲ್ಲದ ಊರಿನಲ್ಲಿ ಒಂದು ದಿನ ಬೆಳಿಗ್ಗೆ ಏಳಬೇಕು. ಅಲ್ಲಿ ಕಣ್ಣು ಬಿಟ್ಟರೆ ಎಂಥ ಸದ್ದು ಕೇಳುತ್ತದೆ ಎಂದು ನೋಡಬೇಕು.

ಅದಕ್ಕೇ ಕೊಲ್ಲಾಪುರ. ಮೀನಿನ ಲಾರಿಯವರನ್ನು ಕೇಳಿ ಕೇಳಿ ದಾರಿ ಮಾಡಿದ್ದಳು. ಅಂಕೋಲಾವರೆಗೆ ಕಡಲ ಬದಿಯ ಹೆದ್ದಾರಿ. ಅಲ್ಲಿಂದ ಅರಬೈಲು ಘಾಟಿ ಹತ್ತಬೇಕು, ಅದೂ ಬೆಳಿಗ್ಗೆ ಬೇಗ, ಲಾರಿಗಳ ಸಾಲು ಸೇರುವ ಮೊದಲು. ಆಮೇಲೆ ಯಲ್ಲಾಪುರ, ಹುಬ್ಬಳ್ಳಿ, ಬೆಳಗಾವಿ. ಹೋಗಿ ಬರಲು ಹನ್ನೆರಡು ದಿನ. ಜೂನ್ ಒಂದಕ್ಕೆ ಕಡಲು ಬಂದ್, ಬೋಟುಗಳೆಲ್ಲ ದಡಕ್ಕೆ. ಗಂಡ ಮನೆಯಲ್ಲಿರುವುದು ಆಗ ಮಾತ್ರ.

ಗಂಡ ಚಂದಯ್ಯ ಬೋಟಿನ ತಾಂಡೇಲ. ನಡುಗಡಲಲ್ಲಿ ನಕ್ಷತ್ರ ನೋಡಿ ಬೋಟು ತಿರುಗಿಸುವ ಆಸಾಮಿಗೆ ರಸ್ತೆಯ ಮೇಲೆ ಸೈಕಲ್ಲೂ ಭಯ. ದಾರಿಯ ವಿಷಯದಲ್ಲಿ ಅವನು ಬಾಯಿ ಹಾಕಿದ್ದು ಒಂದೇ ಕಡೆ.

“ಸುರೂವಿನ್ ರಾತ್ರಿ ಬೈಂದೂರಂಗೆ ನಿಲ್ವ,” ಎಂದಿದ್ದ.

ಸುಗುಣ ನಕ್ಕಿದ್ದಳು. ನಾವುಂದದ ಅವರ ಮನೆಯಿಂದ ಬೈಂದೂರಿಗೆ ಹನ್ನೆರಡು ಕಿಲೋಮೀಟರ್. “ಬೈಂದೂರಿಗಾ? ಅಲ್ಲಿಗ್ ನಾನ್ ದಿನಾ ಮೀನ್ ತಕಂಡ್ ಹೋತೆ. ಅದೆಂತ ಪ್ರವಾಸ ಹ್ವಾಯ್?”

“ಹೊಸ ಡಬ್ಬಿ ಅಲ್ದಾ, ಹೆಣೆ. ಒಂದ್ ರಾತ್ರಿ ಹತ್ರದಲ್ಲೇ ಮಲ್ಗಿ ಕಾಂಬ. ಲೈಟೋ ನೀರೋ ಕೈ ಕೊಟ್ರೆ ಮನಿ ಹತ್ರ ಇರ್ತ್. ರತನನ ಹೋಂಸ್ಟೇ ಇತ್ತಲೆ ಅಲ್ಲ್, ನಮ್ಮ ಪೈಕಿಯೇ. ಅಲ್ಲಿಗ್ ಫೋನ್ ಗೀನ್ ಬ್ಯಾಡ, ನಾನ್ ಹೇಳಿದ್ದೆ.”

ಸರಿಯೇ ಅನ್ನಿಸಿತು ಅವಳಿಗೆ. ಇಪ್ಪತ್ತನಾಲ್ಕು ವರ್ಷದ ಸಂಸಾರದಲ್ಲಿ ಗಂಡ ತನ್ನ ಅನುಕೂಲ ಯೋಚಿಸಿ ಒಂದು ಮಾತು ಆಡಿದ್ದು ಇದೇ ಮೊದಲು ಎಂದು ಒಳಗೊಳಗೇ ಹಿಗ್ಗಿದಳು. ಎರಡು ದಿನ ಸಾರಿಗೆ ಉಪ್ಪು ಹೆಚ್ಚಾದರೂ ಯಾರೂ ಏನೂ ಅನ್ನದಷ್ಟು ಖುಷಿಯಲ್ಲಿದ್ದಳು.

ಫೋನ್ ಬೇಡ ಎಂದರೂ ಡ್ರೈವರಿನ ಮನಸ್ಸು ಕೇಳುತ್ತದೆಯೇ? ಹನ್ನೊಂದು ರಾತ್ರಿಯ ಹನ್ನೊಂದು ಕಡೆಯಲ್ಲಿ ಹತ್ತು ಕಡೆ ಜಾಗ ಕೇಳಿಯಾಗಿತ್ತು. ಹೊರಡಲು ಎರಡು ದಿನ ಇರುವಾಗ, ಬ್ರಹ್ಮಾವರದಲ್ಲಿ ಕೊನೆಯ ಮನೆಗೆ ಮೀನು ಕೊಟ್ಟು, ತಕ್ಕಡಿ ತೊಳೆದು, ಬಸ್‌ಸ್ಟ್ಯಾಂಡಿನ ಹತ್ತಿರ ಮರದ ನೆರಳಿಗೆ ಪಿಕಪ್ ನಿಲ್ಲಿಸಿ, ಹೋಂಸ್ಟೇಯ ಬೋರ್ಡಿನಿಂದ ಬರೆದುಕೊಂಡಿದ್ದ ನಂಬರಿಗೆ ಫೋನು ಹಚ್ಚಿದಳು. ಎತ್ತಿದವನು ರತನ್ ಅಲ್ಲ. ತಾನು ಕಿಟ್ಟ, ಇಲ್ಲಿ ತೋಟ-ಗೀಟ ನೋಡಿಕೊಳ್ಳುವವ ಎಂದ.

“ನಾಡ್ದ್ ನಾವುಂದದಿಂದ ಒಂದ್ ಡಬ್ಬಿ ಗಾಡಿ ಬತ್ತಲೆ ಅಲ್ಲಿಗೆ. ತಿರ್ಗ್ಸುಕೆ ಜಾಗ ಇತ್ತಾ ಅಂದ್ ಕೇಂಬುಕೆ ಫೋನ್ ಮಾಡಿದ್ದ್.”

“ತಿರ್ಗ್ಸುದಾ? ಎಂತಕೆ ಅಮ್ಮ ತಿರ್ಗ್ಸುದ್? ಅದ್ ಬಂದ್ ಮೇಲೆ ಎಲ್ಲಿಗೂ ಹೋಪುದಿಲ್ಲಲೆ!” ಕಿಟ್ಟ ನಕ್ಕ. “ಕಲ್ಲ್ ಕಟ್ಟಿ ಸಿಮೆಂಟ್ ಹಾಕಿ ಆಯ್ತ್. ಚಕ್ರ ತೆಗ್ದ್ ಅದ್ರ್ ಮೇಲ್ ಕೂರ್ಸುದ್ ಅಂಬ್ರ್. ಕಡಲ್ ಬದಿಗ್ ಬಾಗ್ಲ್. ಗೆಸ್ಟಿಗೆ ಮಲ್ಗುಕೆ. ಒಳ್ಗ್ ಭಾರಿ ಚಂದ ಇತ್ತ್ ಕಾಣಿ, ನೀಲಿ ಪರ್ದಿ, ಸಣ್ಣ್ ಒಲಿ. ರತನಣ್ಣ ಫೋಟೋ ತೋರ್ಸಿದ್ರ್.”

ಮಾತಿಗೆ ಆಳು ಸಿಕ್ಕಿದ್ದೇ ಸಾಕೆಂದು ಕಿಟ್ಟ ಮುಂದುವರಿಸಿದ.

“ಓಣಿ ಮಾತ್ರ ಸಪೂರ. ರೋಡಂಗೆ ಸ್ವಲ್ಪ ಮುಂದ್ ಹೋಯಿ ನಿಲ್ಸಿ, ಹಿಂದ್ ಹಿಂದೇ ಒಳ್ಗ್ ತರ್ಕ್. ಡ್ರೈವರ್ ಹೆಂಗ್ಸ್ ಅಂಬ್ರ್, ಹೌದಾ? ಡಬ್ಬಿ ಬಿಟ್ಟಿಕಿ ಸಂಜಿಗೆ ಪಿಕಪ್ ತಕಂಡ್ ವಾಪಸ್ ಹೋತ್ರಂಬ್ರ್. ಚಂದಯ್ಯಣ್ಣ ಇಲ್ಲೇ ಉಳಿತ್ರ್, ರತನಣ್ಣನ ಹೊಸ ಬೋಟಿನ ಮಾತ್ ಇತ್ತಲೆ. ಡಬ್ಬಿ ಕೊಟ್ಟದ್ದಕ್ಕೆ ಅವ್ರಿಗೆ ಬೋಟಂಗೆ ಒಂದ್ ಪಾಲ್. ಡ್ರೈವರಿಗೆ ಒಂದ್ ಊಟ ಮಾಡ್ಕ್ ಅಂದಿದ್ರ್. ಅವ್ರ್ ಮೀನ್ ತಿಂತ್ರಾ?”

“ತಿಂತ್ರ್,” ಎಂದಳು ಸುಗುಣ.

“ನೀವ್ ಯಾರ್ ಮಾತಾಡುದ್?”

“ಡ್ರೈವರ್.”

ಫೋನು ಇಟ್ಟ ಮೇಲೆ ಸುಮಾರು ಹೊತ್ತು ಅವಳು ಗಾಡಿ ಚಾಲೂ ಮಾಡಲಿಲ್ಲ. ಮಾಡಿದ ಮೇಲೆ ಕೋಟ ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ. ದುಗ್ಗಪ್ಪ ಚಕ್ರದ ಆಕ್ಸೆಲನ್ನು ಬೆಸುಗೆ ಹಾಕದೆ, ಬೇಕಾದಾಗ ಬಿಚ್ಚುವ ಹಾಗೆ ಬೋಲ್ಟಿನಲ್ಲಿ ಕೂರಿಸಿದ್ದು ಯಾರ ಮಾತಿಗೆ ಎಂದು ಕುಂದಾಪುರದ ಫ್ಲೈಓವರಿನ ಮೇಲೆ ಹೊಳೆಯಿತು. ಹಾಗಾದರೆ ಇದು ನಿನ್ನೆ ಮೊನ್ನೆಯದಲ್ಲ. ಅವಳು ಗದ್ದೆಯಲ್ಲಿ ಹಿಮ್ಮುಖ ಕಲಿಯುವಾಗಲೇ, ಪರದೆಯ ಬಟ್ಟೆ ಆರಿಸುವಾಗಲೇ, ಗಂಡನೆನ್ನುವವನು ಮೂಗಿಗೆ ತುಪ್ಪ ಸವರಿ ಕೂತಿದ್ದ. ಹಾಳಾದವನು ಫೋಟೋ ಬೇರೆ ಕಳಿಸಿದ್ದ!

ಬೇರೆಯವರ ಬೋಟಿನಲ್ಲಿ ಮೂವತ್ತು ವರ್ಷ ದುಡಿದವನಿಗೆ ತನ್ನದೆನ್ನುವ ಒಂದು ಪಾಲು ಬೇಕು ಅನ್ನಿಸುವುದು ತಪ್ಪೇ? ತಪ್ಪಲ್ಲ. ಆ ಆಸೆ ಅವಳಿಗೂ ಗೊತ್ತು, ನಿದ್ದೆಯಲ್ಲೂ ಬೋಟಿನ ಹೆಸರು ಹೇಳುವ ಗಂಡಸು ಅವನು. ಕೇಳಿದ್ದರೆ ಅವಳು ಕೊಟ್ಟುಬಿಡುತ್ತಿದ್ದಳು. ಎರಡು ದಿನ ಅತ್ತು, ನಾಲ್ಕು ದಿನ ಬೈದು, ಕೊನೆಗೆ ಕೊಡುತ್ತಿದ್ದಳು. ಅದು ಅವನಿಗೆ ಗೊತ್ತಿರಬೇಕಿತ್ತು. ಕೇಳದೆ ಹೋದನಲ್ಲ, ಅದೇ ಎದೆಯಲ್ಲಿ ಮುಳ್ಳು ಮುರಿದ ಹಾಗೆ ನಿಂತುಬಿಟ್ಟಿತು.

ಮನೆಗೆ ಬಂದಾಗ ಚಂದಯ್ಯ ಚಾವಡಿಯಲ್ಲಿ ಕೂತು ಚಾ ಕುಡಿಯುತ್ತಿದ್ದ. ಸುಗುಣ ಕೈಕಾಲು ತೊಳೆದು ಬಂದು ಎದುರಿಗೆ ಕೂತಳು. ಕೂಗಾಡಬೇಕೆಂದೇ ದಾರಿಯುದ್ದಕ್ಕೂ ನಿಶ್ಚಯ ಮಾಡಿಕೊಂಡಿದ್ದವಳು, ಅವನ ಮುಖ ಕಂಡಮೇಲೆ, ತಾನಾಗಿ ಹೇಳಲಿ ಎಂದು ಕಾದಳು.

“ಬೈಂದೂರಂಗೆ ಎಷ್ಟ್ ದಿನ ನಿಲ್ಲುದ್ ನಾವ್?” ಎಂದು ಕೇಳಿದಳು.

“ಒಂದೇ ರಾತ್ರಿ ಅಲ್ದಾ. ಬೆಳಿಗ್ಗೆ ಎದ್ದ್ ಹೊರ್ಡುದೇ.”

“ರತನನತ್ರ ನಿಮ್ಗ್ ಬೇರೆ ಎಂತಾರೂ ಕೆಲ್ಸ ಇತ್ತಾ?”

“ನಂಗೆಂತ ಕೆಲ್ಸ?” ಚಾ ಲೋಟದೊಳಗೆ ಏನೋ ಬಿದ್ದಿದೆ ಎನ್ನುವಂತೆ ಅವನು ಅದನ್ನೇ ನೋಡುತ್ತಿದ್ದ.

ಅವಳು ಇನ್ನೂ ಒಂದು ಅವಕಾಶ ಕೊಟ್ಟಳು. “ಕೊಲ್ಲಾಪುರದಂಗೆ ಬೆಳ್ಗಾತ ಚಳಿ ಇರ್ತಾ ಏನೋ. ಕಂಬ್ಳಿ ತಕಣ್ಕಾ?”

“ತಕೋ,” ಎಂದ ಚಂದಯ್ಯ. “ಎರಡ್ ತಕೋ. ನಿಂಗ್ ಥಂಡಿ ಆಪುದಿಲ್ಲೆ.”

ಆ ಎರಡನೆಯ ಕಂಬಳಿಯೇ ಸುಗುಣಳ ಹೊಟ್ಟೆಗೆ ಬೆಂಕಿ ಇಟ್ಟದ್ದು. ಹೋಗದ ಊರಿನ ಚಳಿಗೆ ಹೊದಿಕೆ ಕಟ್ಟಿಸುವ ಮನುಷ್ಯನಿಗೆ ಇನ್ನೇನು ಕೇಳುವುದು?

ಸಂಜೆ ಮೋಕ್ಷಿತಾ ಅಂಗಡಿಯಿಂದ ಬಂದಳು. ಅಮ್ಮ ನೋಟ್‌ಬುಕ್ಕು ತೆಗೆದು ಮುಂದಿಟ್ಟಳು. “ಎರಡನೇ ದಿನದ್ದ್ ಬರಿ ಮಗಾ. ಬೈಂದೂರಿಂದ ಮುರ್ಡೇಶ್ವರಕ್ಕೆ. ಎಷ್ಟ್ ಗಂಟಿಗ್ ಹೊರ್ಡುದ್?”

ಮೋಕ್ಷಿತಾ ಪೆನ್ನು ಹಿಡಿದಳು. ಬರೆಯಲಿಲ್ಲ. ಒಮ್ಮೆ ಅಪ್ಪನ ಕಡೆ ನೋಡಿದಳು, ಅಪ್ಪ ಎದ್ದು ಅಂಗಳಕ್ಕೆ ಹೋದ. “ಎಂಟಕ್ಕೆ ಅಂದ್ ಬರೀಲಾ ಅಮ್ಮ?” ಎಂದಳು ತಲೆ ಎತ್ತದೆ. ಕಿವಿಯ ತುದಿ ಕೆಂಪಾಗಿತ್ತು.

ಮಗಳಿಗೂ ಗೊತ್ತು. ಗಂಡನ ಸುದ್ದಿಗೆ ಬಾರದ ಕಣ್ಣೀರು ಈಗ ಬಂತು. ಅದನ್ನು ಒಲೆಯ ಹೊಗೆಯ ಮೇಲೆ ಹಾಕಲು ಮನೆಯಲ್ಲಿ ಒಲೆಯೂ ಇಲ್ಲ, ಗ್ಯಾಸು. ಸುಗುಣ ಸೆರಗಿನಿಂದ ಮುಖ ಒರೆಸಿಕೊಂಡು, “ಏಳೂವರಿಗೆ ಬರಿ,” ಎಂದಳು. ಮಗಳು ಬರೆದಳು. ಎಂದೂ ದುಂಡಗಿರುವ ಅಕ್ಷರ ಅವತ್ತು ಗೀಚಿದ ಹಾಗಿತ್ತು.

ಹೊರಡುವ ದಿನ ಕೇರಿಗೆ ಕೇರಿಯೇ ಬಂದು ಹೆದ್ದಾರಿಯ ಬದಿಯಲ್ಲಿ ನಿಂತಿತ್ತು. ಪಕ್ಕದ ಮನೆಯ ಶ್ರೀಲತಾ ಚಕ್ಕುಲಿಯ ಡಬ್ಬ ಕೊಟ್ಟು, “ಅಕ್ಕ, ಕೊಲ್ಲಾಪುರದ ಅಮ್ಮನಿಗೆ ನನ್ನದೂ ಒಂದ್ ಕೈ ಮುಗಿರಿ,” ಎಂದಳು. ಯಾರೋ ಚಕ್ರದ ಮುಂದೆ ಕಾಯಿ ಒಡೆದರು. ಚಂದಯ್ಯ ಎಲ್ಲರಿಗೂ ಕೈ ಬೀಸಿದ. ಹನ್ನೆರಡು ದಿನಕ್ಕೆ ಹೊರಟ ಗಂಡಸಿನ ಗತ್ತು ಅವನ ಮುಖದಲ್ಲಿ ಎಷ್ಟು ಚೆನ್ನಾಗಿ ಕೂತಿತ್ತೆಂದರೆ, ಒಂದು ಕ್ಷಣ ಸುಗುಣಳಿಗೇ ಆ ಫೋನು ಸುಳ್ಳಿರಬಹುದು ಅನ್ನಿಸಿತು.

ಕಿರಿಮಂಜೇಶ್ವರ ದಾಟಿತು. ಹಿಂದೆ ಡಬ್ಬಿ ಸದ್ದಿಲ್ಲದೆ, ಎಳೆದಲ್ಲಿಗೆ ಬರುತ್ತಿತ್ತು. ಕ್ಯಾಬಿನ್ನಿನಲ್ಲಿ ಅಪ್ಪ ಅಮ್ಮನ ನಡುವೆ ಕೂತಿದ್ದ ಮೋಕ್ಷಿತಾ ಎರಡು ಸಲ “ಅಮ್ಮ” ಎಂದಳು. ಎರಡು ಸಲವೂ ಮುಂದೆ ಹೇಳಲಿಲ್ಲ. ಬೈಂದೂರು ಪೇಟೆ ಕಳೆದು, ಒತ್ತಿನೆಣೆಯ ಏರು ಶುರುವಾಗುವ ಮೊದಲು, ಎಡಗಡೆಗೆ ಹೋಂಸ್ಟೇಯ ಓಣಿ. ಕಿಟ್ಟ ಹೇಳಿದ ಹಾಗೆಯೇ ಸಪೂರ. ಸುಗುಣ ಓಣಿಯ ಬಾಯಿ ದಾಟಿಸಿ, ರಸ್ತೆಯ ಅಂಚಿಗೆ ಗಾಡಿ ನಿಲ್ಲಿಸಿದಳು.

“ಓಣಿ ಸಪೂರ ಇತ್ತ್,” ಎಂದಳು. “ಹಿಂದ್ ಹಿಂದೇ ತರ್ಕ್. ನೀವಿಬ್ರೂ ಇಳ್ದ್ ಹೇಳಿ.”

ಹಿಂದೆ ಹಿಂದೇ ತರುವ ವಿಷಯ ಇವಳಿಗೆ ಹೇಗೆ ಗೊತ್ತು ಎಂದು ಚಂದಯ್ಯ ಕೇಳಬಹುದಿತ್ತು. ಕೇಳಲಿಲ್ಲ. ಲಗುಬಗೆಯಿಂದ ಇಳಿದ. ಮೋಕ್ಷಿತಾ ಇಳಿಯುವ ಮೊದಲು ಅಮ್ಮನ ಮುಖ ನೋಡಿದಳು, ನೋಟ್‌ಬುಕ್ಕನ್ನು ಸೀಟಿನ ಮೇಲಿಟ್ಟು ಇಳಿದಳು.

ಸುಗುಣ ರಿವರ್ಸ್ ಗೇರು ಹಾಕಿದಳು. ಹಾಕಿದ್ದು ನಿಜ, ಡಬ್ಬಿ ಮೂರು ಅಡಿ ಹಿಂದೆ ಹೋದದ್ದೂ ನಿಜ. ಬಿಟ್ಟುಬಿಡುವ, ಬೋಟಿನ ಆಸೆ ಅವನದ್ದೂ ತೀರಲಿ ಎನ್ನುವ ಮನಸ್ಸು ಅವಳಲ್ಲಿ ಆಗಲೂ ಇತ್ತು. ಆಗ ಬದಿಯ ಕನ್ನಡಿಯಲ್ಲಿ ಚಂದಯ್ಯ ಕಂಡ. ಓಣಿಯ ಬಾಯಿಯಲ್ಲಿ ನಿಂತು ಎರಡೂ ಕೈ ಎತ್ತಿ, “ಬರ್ಲಿ! ಬರ್ಲಿ!” ಎಂದು ಕೂಗುತ್ತಿದ್ದ. ಅವನು ನಗುತ್ತಿದ್ದ. ಅಷ್ಟು ಹಗುರಾದ ನಗು, ಮದುವೆಯಾದಾಗಿನಿಂದ ಅವನ ಮುಖದಲ್ಲಿ ಅವಳು ಕಂಡಿರಲಿಲ್ಲ. ಅವನ ಹಿಂದೆ, ತೆಂಗಿನ ಮರಗಳ ನಡುವೆ, ಹೊಸ ಸಿಮೆಂಟಿನ ಕಟ್ಟೆ ಬೆಳ್ಳಗೆ ಕಾಣುತ್ತಿತ್ತು.

ಸುಗುಣ ಬ್ರೇಕು ಒತ್ತಿದಳು. ಕ್ಲಚ್ಚು ಒತ್ತಿ ಮೊದಲನೆಯ ಗೇರಿಗೆ ಹಾಕಿದಳು. ಬಲಕ್ಕೆ ಇಂಡಿಕೇಟರ್ ಹಾಕಿ, ಹಿಂದಿನಿಂದ ಬರುತ್ತಿದ್ದ ಬಸ್ಸಿಗೆ ದಾರಿ ಬಿಟ್ಟು, ಆಮೇಲೆ ಹೆದ್ದಾರಿಗೆ ಏರಿದಳು. ಏರಿನಲ್ಲಿ ಭಾರಕ್ಕೆ ಗಾಡಿ ಒಮ್ಮೆ ಉಸಿರು ಹಿಡಿಯಿತು, ಮತ್ತೆ ಎಳೆಯಿತು.

ಕನ್ನಡಿಯಲ್ಲಿ ಮೋಕ್ಷಿತಾ ಬಾಯಿಗೆ ಕೈ ಇಟ್ಟುಕೊಂಡು ನಿಂತಿದ್ದಳು, ಕೂಗಲಿಲ್ಲ. ಚಂದಯ್ಯನಿಗೆ ಇನ್ನೂ ತಿಳಿದಿರಲಿಲ್ಲ. ಡಬ್ಬಿ ಅಷ್ಟು ದೂರ ಹೋದ ಮೇಲೂ ಅವನ ಎರಡು ಕೈಗಳು ಹಿಂದೆ ಬಾ, ಹಿಂದೆ ಬಾ ಎಂದು ಬೀಸುತ್ತಲೇ ಇದ್ದವು.