ಹಲ್ಲಲ್ಲಿ ಹುಟ್ಟುವ ಕುಂಚ

ಅತ್ತೆಗೆ ಹೊಸ ಹಲ್ಲಿನ ಸೆಟ್ ಬಂದ ದಿನವೇ ಮನೆಯ ನೆಮ್ಮದಿ ಹಾರಿಹೋಯಿತು. ಮಡಕೆಗಳ ಮೇಲೆ ಕೂದಲೆಳೆಯಂಥ ಗೆರೆ ಎಳೆಯುವುದರಲ್ಲಿ ಅವರದು ಎತ್ತಿದ ಕೈ. ಅದಕ್ಕೆ ಬೇಕಾದ ಕುಂಚ ಸಿಗುವುದು ಹಿತ್ತಲಿನ ಯುಕ್ಕಾ ಗಿಡದಲ್ಲಿ. ಅದರ ಕತ್ತಿಯಂಥ ಎಲೆಯನ್ನು ಸಣ್ಣಗೆ ಸೀಳಿ, ತುದಿಯನ್ನು ಅಗಿದು ಅಗಿದು ತಿರುಳು ಉಗಿದರೆ ಉಳಿಯುವುದು ನಾರು. ಅದೇ ಕುಂಚದ ಕೂದಲು. ಅವರವರ ಕುಂಚವನ್ನು ಅವರವರೇ ಅಗಿಯಬೇಕು, ಇನ್ನೊಬ್ಬರು ಕಚ್ಚಿದ್ದು ಕೈಗೆ ಒಗ್ಗುವುದಿಲ್ಲ ಎನ್ನುವುದು ಆ ಕುಂಬಾರರ ಮನೆಯ ಕಟ್ಟುನಿಟ್ಟು.

ಈಗ ಕಚ್ಚಿ ಎಳೆದರೆ ಎಲೆಯ ಜೊತೆ ಸೆಟ್ಟೂ ಕೈಗೆ ಬರುತ್ತಿತ್ತು. ಮಾವ ಸುತ್ತಿಗೆಯಲ್ಲಿ ಜಜ್ಜಿಕೊಟ್ಟರು, ನಾರೆಲ್ಲ ತುಂಡುತುಂಡು. ಅಂಗಡಿಯಿಂದ ಬ್ರಶ್ ತಂದರು. ಅತ್ತೆ ಒಂದೇ ಗೆರೆ ಎಳೆದು ಕಿಟಕಿಯಾಚೆ ಎಸೆದರು. "ಇನ್ನು ನನ್ನ ಕಥೆ ಮುಗೀತು. ಮಡಕೆ ಹಾಗೇ ಬೋಳಾಗಿ ಸುಡಿ," ಎಂದು ಗೋಡೆಗೆ ಮುಖ ಮಾಡಿ ಕುಳಿತರು. ಬೈಯುವುದನ್ನೂ ಬಿಟ್ಟರು. ಅವರಿಗೆ ಬಣ್ಣ ಅರೆದುಕೊಡುವ ಸೊಸೆಗೆ ನಿಜಕ್ಕೂ ಭಯವಾದದ್ದು ಆಗಲೇ. ಏಳು ವರ್ಷ ಬೈಗುಳ ಅರಗಿಸಿಕೊಂಡವಳಿಗೆ ಆ ಮೌನ ಅರಗಲಿಲ್ಲ. ಅತ್ತೆಯ ಮೇಲೆ ತನಗೆ ಇಷ್ಟೊಂದು ಪ್ರೀತಿಯಿದೆಯೆಂದು ತಿಳಿದು ಅವಳಿಗೇ ಆಶ್ಚರ್ಯ.

ಮರುದಿನ ಬೆಳಿಗ್ಗೆ ಹಿತ್ತಲಲ್ಲಿ ಕೂತು ತಾನೇ ಎಲೆ ಅಗಿದಳು. ಮೊದಲೆರಡು ತುಂಡಾದವು. ಬಾಯೆಲ್ಲ ಕಹಿ, ದವಡೆ ಹಿಡಿದುಕೊಂಡಿತು. ಮೂರನೆಯದರ ನಾರು ನೀಟಾಗಿ ಬಿಡಿಸಿಕೊಂಡಿತು. ಅದನ್ನು ಅತ್ತೆಯ ಕೈಗಿಟ್ಟು, ಅವರದೇ ಹಳೆಯ ಕುಂಚವೊಂದು ಡಬ್ಬಿಯಲ್ಲಿ ಉಳಿದಿತ್ತು ಎಂದು ಸುಳ್ಳು ಹೇಳಿದಳು.

ಅತ್ತೆ ಒಲ್ಲದ ಮನಸ್ಸಿನಿಂದ ಬಣ್ಣಕ್ಕೆ ಅದ್ದಿ, ಮಡಕೆಯ ಕೊರಳಿಗೆ ತಾಗಿಸಿದರು. ಗೆರೆ ಎಲ್ಲೂ ತಡವರಿಸದೆ ಸುತ್ತು ಬಂದು ಹೊರಟಲ್ಲಿಗೇ ಸೇರಿತು. ಆಮೇಲೆ ಕುಂಚದ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು.

"ಯಾರ ಹಲ್ಲು ಇದು?"

ಸೊಸೆ ತನ್ನದೇ ಎಂದು ಒಪ್ಪಿಕೊಂಡು, ಇದೂ ಕಿಟಕಿಯಾಚೆ ಹೋಗುತ್ತದೆಂದು ಕಾದಳು. ಅತ್ತೆ ಎರಡನೆಯ ಗೆರೆ ಎಳೆದರು, ಮೂರನೆಯದೂ ಎಳೆದರು. ಬಾಯಿಯ ಕಹಿ ತಡೆಯಲಾರದೆ ಸೊಸೆ ಮೆಲ್ಲಗೆ ಒಂದು ಪೆಪ್ಪರ್‌ಮೆಂಟ್ ಬಿಚ್ಚಿದಳು. ಅತ್ತೆ ಮಡಕೆಯಿಂದ ಕಣ್ಣು ತೆಗೆಯದೆಯೇ ಕೈ ಚಾಚಿ ಅದನ್ನು ಕಿತ್ತುಕೊಂಡರು.

"ಸಿಹಿ ತಿಂದು ಹಲ್ಲು ಹಾಳು ಮಾಡ್ಕೊಂಡೀಯ, ಹುಷಾರು. ನಾನಿನ್ನೂ ಇಪ್ಪತ್ತು ವರ್ಷ ಗೆರೆ ಎಳೀಬೇಕು."